ಆರು ದೇಶಗಳಲ್ಲಿ ಸತ್ತವಳು

ಚಿನ್ನೇನಪಾಳ್ಯದ ಗಂಗಹನುಮಯ್ಯನ ಮಗಳು ಚಿಕ್ಕಲಕ್ಷ್ಮಮ್ಮ ಊರಿಗೆ ವಾಪಸು ಬರುವ ಹೊತ್ತಿಗೆ ಆರು ದೇಶಗಳಲ್ಲಿ ಸತ್ತಿದ್ದಳು.

ವಿಯೆನ್ನಾದಲ್ಲಿ ಕ್ಷಯ ಹಿಡಿದು ಸತ್ತಳು. ಮಿಲಾನಿನಲ್ಲಿ ಎದೆಗೆ ಚೂರಿ ಹಾಕಿಕೊಂಡು ಸತ್ತಳು. ಲಂಡನ್ನಿನಲ್ಲಿ ವಿಷ ಕುಡಿದಳು, ಪ್ಯಾರಿಸ್ಸಿನಲ್ಲಿ ಹುಚ್ಚು ಹಿಡಿದು ಕೋಟೆಯಿಂದ ಹಾರಿಕೊಂಡಳು, ಕೈರೋದಲ್ಲಿ ಅವಳನ್ನು ಜೀವಸಮೇತ ಗೋಡೆ ಕಟ್ಟಿ ಮುಚ್ಚಿದರು, ಸಮುದ್ರದಾಚೆ ಇನ್ನೊಂದು ಸಮುದ್ರ ದಾಟಿ ಬ್ಯೂನಸ್ ಐರಿಸ್ಸಿಗೆ ಹೋದರೆ ಅಲ್ಲಿ ಗಂಡನಾಗಬೇಕಾದವನೇ ಕತ್ತಿಯಲ್ಲಿ ತಿವಿದ. ಸತ್ತಾಗೆಲ್ಲ ಹಾಡುತ್ತಲೇ ಸತ್ತಳು. ಚೂರಿ ಹಿಡಿಯವರೆಗೆ ಇಳಿದ ಮೇಲೂ ಕಾಲು ಗಂಟೆ ಹಾಡಿ, ಕೊನೆಗೆ ಹದ್ದು ಹಾರುವ ಎತ್ತರದಲ್ಲಿ ಒಂದು ಸ್ವರ ಹಿಡಿದು, ಅದನ್ನು ಅಲ್ಲೇ ತೂಗಿಬಿಟ್ಟು ತಾನು ದೊಪ್ಪನೆ ಕೆಳಗೆ ಬೀಳುತ್ತಿದ್ದಳು. ಪರದೆ ಇಳಿಯುತ್ತಿತ್ತು. ಪರದೆ ಮತ್ತೆ ಎದ್ದರೆ ಸತ್ತವಳು ಕೂದಲು ಸರಿಮಾಡಿಕೊಂಡು ನಿಂತಿರುತ್ತಿದ್ದಳು. ದೊರೆಗಳೂ ದೊರೆಸಾನಿಗಳೂ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಿದ್ದರು.

ಮಾತನ್ನೆಲ್ಲ ಹಾಡಿಯೇ ಆಡುವ ಆ ನಾಟಕಕ್ಕೆ ಆ ಕಡೆ ಆಪೆರಾ ಅನ್ನುತ್ತಾರೆ. ಹೆಂಗಸಿನ ಗಂಟಲಲ್ಲಿ ಎಲ್ಲಕ್ಕಿಂತ ಮೇಲಿನ ಅಟ್ಟದಲ್ಲಿ ವಾಸ ಮಾಡುವ ದನಿಗೆ ಸೊಪ್ರಾನೊ ಅನ್ನುತ್ತಾರೆ. ಅಂಥ ದನಿಗಳನ್ನು ತಮ್ಮ ದೇಶದ ನೀರೇ ಹುಟ್ಟಿಸಬೇಕು ಅಂತ ಮಿಲಾನಿನವರು ಮೀಸೆ ತಿರುವುತ್ತಾರೆ. ತಿರುವಲಿ. ಚಿಕ್ಕಲಕ್ಷ್ಮಮ್ಮನ ದನಿ ಹುಟ್ಟಿದ್ದು ಮಧುಗಿರಿ ತಾಲ್ಲೂಕಿನ ಉಪ್ಪುನೀರಿನ ಬಾವಿಯ ಮಗ್ಗುಲಲ್ಲಿ. ಅದು ಅವಳಪ್ಪನಿಂದ ಬಂದದ್ದು. ವಯಸ್ಸಿನಲ್ಲಿ ಗಂಗಹನುಮಯ್ಯ ಬಯಲಾಟದ ರಕ್ಕಸನಾಗಿ ಒಂದು ಕೂಗು ಹಾಕಿದರೆ ಅದು ಮಧುಗಿರಿ ಬೆಟ್ಟಕ್ಕೆ ಬಡಿದು, ಅಲ್ಲಿ ಸುಧಾರಿಸಿಕೊಂಡು, ವಾಪಸು ಬರುತ್ತಿತ್ತು ಅಂತ ಜನ ಆಡಿಕೊಳ್ಳುತ್ತಿದ್ದರು.

ಅವಳು ಏಳು ವರ್ಷದ ಕೂಸಾಗಿದ್ದಾಗ ಪ್ಲೇಗು ಬಂತು. ಊರು ಖಾಲಿಮಾಡಿ ಹೊಲದಲ್ಲಿ ಗುಡಿಸಲು ಹಾಕಿದ್ದಾಗ ತಾಯಿ ತೀರಿಕೊಂಡಳು. ಗಂಗಹನುಮಯ್ಯ ಮಗಳನ್ನು ತುಮಕೂರಿನ ಮಿಷನ್ ಶಾಲೆಗೆ ಸೇರಿಸಿದ. ಅಲ್ಲಿ ಪಿಯಾನೋ ನುಡಿಸುತ್ತಿದ್ದ ಪೆಂಬರ್ಟನ್ ದೊರೆಸಾನಿ ಈ ಹುಡುಗಿಯ ಗಂಟಲು ಕೇಳಿ ಮೂರು ದಿನ ನಿದ್ದೆಗೆಟ್ಟು, ದೊಡ್ಡವಳಾದ ಮೇಲೆ ಲಂಡನ್ನಿಗೆ ಕರೆದುಕೊಂಡು ಹೋದಳು. ಓದೋಕೆ ಹೋಗುತ್ತಾಳೆ, ಮೇಡಮ್ಮಾಗಿ ಬರುತ್ತಾಳೆ ಅಂತ ಗಂಗಹನುಮಯ್ಯ ಕಳಿಸಿಕೊಟ್ಟ. ಆಗ ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಸಿಟ್ಟು ಬಂದದ್ದು ಸಿರಾದಲ್ಲಿ. ಸಿರಾ–ಮಧುಗಿರಿ ನಡುವೆ ಬಸ್ಸು ಓಡಿಸುತ್ತಿದ್ದ ಅಹಮದ್ ಷರೀಫ್ ಗಂಗಹನುಮಯ್ಯನಿಗೆ ಹಳೇ ಸ್ನೇಹಿತ. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯಲ್ಲಿ ಚಿಕ್ಕಲಕ್ಷ್ಮಮ್ಮನ ಫೋಟೋ ಬಂದಿದೆ ಅಂತ ಕರೆದು ಕೂರಿಸಿ, ಚಹಾ ಕೊಟ್ಟು, ಖುಷಿಯಿಂದ ಓದಿ ಹೇಳಿದ.

"ನೋಡಿ ಗೌಡ್ರೇ, 'ಲಾ ಚಿಕ್ಕಾ' ಅಂತ ಬರ್ದವ್ರೆ."

"ಹೆಣ್ಮಗಳಿಗೆ ಲಾ ಅಂದವ್ರಾ?"

"ಅರೆ, ಅದು ಅವರ ಕಡೆ ಮರ್ಯಾದೆ. ಇಲ್ಲಿ ಕೇಳಿ. ವಿಯೆನ್ನಾದಲ್ಲಿ ಬಹಳ ಚೆಂದಾಗಿ ಸತ್ತಳಂತೆ."

ಗಂಗಹನುಮಯ್ಯನ ಕೈಯ ಬಟ್ಟಲು ಅಲ್ಲೇ ನಿಂತಿತು.

"ನಾಟಕದಲ್ಲಿ, ಗೌಡ್ರೇ. ನಾಟಕದಲ್ಲಿ."

"ನಾಟಕ ಅಂತ ಗೊತ್ತಾಯ್ತು. ನಾನೂ ಸತ್ತಿದೀನಿ ಆಟದಲ್ಲಿ. ಸತ್ಮೇಲೆ ಯಾರು ಕೂಗಿದ್ರು?"

ಇದನ್ನು ಹೇಳಿಬಿಡಬೇಕು. ಚಿನ್ನೇನಪಾಳ್ಯದ ಬಯಲಾಟದಲ್ಲಿ ಯಾವ ವೇಷ ಸತ್ತರೂ ಆಟ ಅಲ್ಲಿಗೆ ನಿಲ್ಲುತ್ತದೆ. ವೇಷಧಾರಿಯ ಹೆತ್ತವರು, ಇಲ್ಲದಿದ್ದರೆ ಮನೆಯ ಹಿರಿಯರು ಯಾರಾದರೂ, ಎದ್ದು ಬಂದು ಅವನ ಸ್ವಂತ ಹೆಸರು ಹಿಡಿದು ಏಳು ಅಂತ ಕೂಗಬೇಕು. ಅರಿಶಿನ ಸುಣ್ಣ ಕಲಸಿದ ಕೆಂಪು ನೀರನ್ನು ಮುಖದ ಮುಂದೆ ನಿವಾಳಿಸಿ ಚೆಲ್ಲಬೇಕು. ಆಗ ಸಾವು ವೇಷದ ಜೊತೆ ಹೋಗುತ್ತದೆ. ಕೂಗದೆ ಬಿಟ್ಟರೆ ವೇಷ ಕಳಚಿದ ಮೇಲೂ ಮೈಗೆ ಅಂಟಿಕೊಂಡೇ ಇರುತ್ತದೆ. ರಕ್ಕಸನಾಗಿ ಸತ್ತಾಗೆಲ್ಲ ಗಂಗಹನುಮಯ್ಯನನ್ನು ಅವನ ತಾಯಿ ಕೂಗಿ ಎಬ್ಬಿಸಿದ್ದಳು.

ಷರೀಫ್ ಪತ್ರಿಕೆಯನ್ನು ಮೇಲಿಂದ ಕೆಳಗೆ ಹುಡುಕಿದ. "ಕೂಗಿದ್ದು ಯಾರೂ ಇಲ್ಲ. ಚಪ್ಪಾಳೆ ತಟ್ಟಿದ್ರಂತೆ."

"ನನ್ ಮಗಳು ಸತ್ರೆ ಚಪ್ಪಾಳೆ ತಟ್ಟಿದ್ರಾ?"

ಚಹಾ ಅಲ್ಲೇ ಬಿಟ್ಟು ಎದ್ದವನು ನೆಟ್ಟಗೆ ಊರ ಮುಂದಿನ ಮಾರಮ್ಮನ ಗುಡಿಗೆ ಬಂದು, ಕರ್ಪೂರ ಅಂಗೈಲಿ ಹಚ್ಚಿ ಆಣೆ ಹಾಕಿದ. ಆ ಹಾಳು ಹಾಡು ಬಿಡೋತನಕ ಅವಳ ಜೊತೆ ಮಾತಿಲ್ಲ, ಅವಳ ಹಾಡು ನನ್ನ ಕಿವಿಗೆ ಬೀಳಕೂಡದು.

ಆಣೆಗೆ ನಾಲ್ಕು ವರ್ಷವಾಗಿತ್ತು. ಚಿಕ್ಕಲಕ್ಷ್ಮಮ್ಮ ಈಗ ಬಂದಿರುವುದು ವಾರದ ಮಟ್ಟಿಗೆ. ಶನಿವಾರ ಬೆಳಿಗ್ಗೆ ಬಸ್ಸು, ಬೊಂಬಾಯಿಯಿಂದ ಹಡಗು, ಆಮೇಲೆ ಅಮೆರಿಕಾ. ಮತ್ತೆ ಯಾವಾಗ ಬರುತ್ತಾಳೋ, ಬಂದಾಗ ಯಾರಿರುತ್ತಾರೋ. ಅವಳಿಗೆ ಬೇಕಿದ್ದದ್ದು ಒಂದೇ. ಅಪ್ಪಯ್ಯ ಒಂದು ಸಲ ತನ್ನ ಹಾಡು ಕೇಳಬೇಕು. ಚಕ್ರವರ್ತಿಗಳ ಕಿವಿ ತುಂಬಿಸಿ ಬಂದವಳಿಗೆ ಒಂದು ಜೊತೆ ಮುದಿಕಿವಿ ಸಿಗುತ್ತಿರಲಿಲ್ಲ.

ಗಂಗಹನುಮಯ್ಯ ಮಗಳನ್ನು ಮನೆಯಿಂದ ಆಚೆ ಇಡಲಿಲ್ಲ. ನಡುಮನೆಯ ಕಂಬದ ಜೊತೆ ಮಾತಾಡತೊಡಗಿದ, ಅಷ್ಟೆ.

"ಕಂಬಪ್ಪಾ, ಬಿಸಿಲಲ್ಲಿ ಬಂದವ್ರು ಮಜ್ಜಿಗೆ ಕುಡೀತಾರೇನೋ ಕೇಳು."

"ಕುಡೀತೀನಿ ಅಪ್ಪಯ್ಯ," ಅಂದಳು ಚಿಕ್ಕಲಕ್ಷ್ಮಮ್ಮ.

"ಕಂಬಪ್ಪಾ, ಇನ್ನೊಂದು ಮುದ್ದೆ ಹಾಕುಸ್ಕೊಳಕ್ಕೆ ಹೇಳು. ಆರು ದೇಶದಲ್ಲಿ ಸತ್ತೋರ್ ಥರಾನೇ ಕಾಣ್ತಾ ಅವ್ರೆ."

ಸೋದರತ್ತೆ ನರಸಮ್ಮ, ತಾಯಿ ಹೋದ ಮೇಲೆ ಇವಳನ್ನು ಎತ್ತಾಡಿಸಿದವಳು, ಮುದ್ದೆ ಹಾಕುತ್ತಾ ಅಣ್ಣನ ಮುಖ ನೋಡಿದಳು. "ಕಂಬಕ್ಕೂ ಒಂದು ತಣಿಗೆ ಇಕ್ಕಲಾ ಅಣ್ಣಾ? ಪಾಪ, ಬೆಳಿಗ್ಗೆಯಿಂದ ಮಾತಾಡ್ತಾ ಐತೆ."

ಬೆಳಗಿನ ಜಾವ ಅವಳು ಹಿತ್ತಲಲ್ಲಿ ನಿಂತು ಸಾಧಕಕ್ಕೆ ಬಾಯಿ ತೆರೆದರೆ ಗಂಗಹನುಮಯ್ಯ ಕಿವಿಗೆ ಹತ್ತಿ ತುರುಕಿಕೊಂಡು ಹೊಲದ ಹಾದಿ ಹಿಡಿಯುತ್ತಿದ್ದ. ಊರಿನ ಅಭಿಪ್ರಾಯ ಬೇರೆಯೇ ಇತ್ತು. ಜೋಳದ ಹೊಲದ ಅಟ್ಟಣೆ ಮೇಲೆ ಕೂತು ಗಿಣಿ ಓಡಿಸುವ ಹೆಂಗಸರು ಬಂದು, ಬೇಲಿಯಾಚೆ ನಿಂತು, ತೂಗಿ ನೋಡಿದರು.

"ಗಂಟ್ಲು ಗಟ್ಟಿಯಾಗೈತೆ ಕಣವ್ವ. ಹತ್ತೆಕ್ರೆ ಕಾಯ್ಬೋದು."

ಪ್ಯಾರಿಸ್ಸಿನ ಪತ್ರಿಕೆಗಳು ಅವಳನ್ನು ಕೋಗಿಲೆ ಅಂದಿದ್ದವು, ಗಂಟೆ ಅಂದಿದ್ದವು, ಬೆಳದಿಂಗಳು ಅಂದಿದ್ದವು. ಯಾವುದನ್ನೂ ಅವಳು ನಂಬಿರಲಿಲ್ಲ. ಹತ್ತೆಕರೆ ಅಂದದ್ದು ಮಾತ್ರ ಎದೆಗೆ ನಾಟಿ, ಆ ದಿನವೆಲ್ಲ ನಗುತ್ತಾ ಓಡಾಡಿದಳು.

ಅಷ್ಟರಲ್ಲಿ ಅಮಲ್ದಾರನಿಗೆ ಸುದ್ದಿ ಮುಟ್ಟಿತು. ಹತ್ತು ವರ್ಷ ಕಾಡಿದರೂ ಊರಿನ ಬಾವಿ ಕಡೆ ತಲೆ ಹಾಕದ ಮನುಷ್ಯ, ಹಾಡು ಅಂದ ಕೂಡಲೇ ಒಂದು ಗಾಡಿ ತುಂಬ ಕುರ್ಚಿ ಕಳಿಸಿದ. ಶುಕ್ರವಾರ ಇಳಿಹೊತ್ತಿಗೆ ಮಾರಮ್ಮನ ಗುಡಿ ಮುಂದೆ ಕಛೇರಿ ಅಂತ ನಿಶ್ಚಯವಾಯಿತು. ಷರೀಫ್ ತನ್ನ ಗ್ರಾಮಫೋನು ಹೊತ್ತು ತಂದ. ಅದರಲ್ಲಿ ವಾದ್ಯದವರ ಹಿಮ್ಮೇಳವಿರುವ ಒಂದು ಪ್ಲೇಟು, ಅದರ ಮೇಲೆ ಚಿಕ್ಕಲಕ್ಷ್ಮಮ್ಮ ಹಾಡುವುದು. ಕುರ್ಚಿಗಳ ಮೇಲೆ ಅಮಲ್ದಾರನೂ ಅವನ ಹಿಂದೆ ಬಂದ ಬೂಟಿನವರೂ ಕೂತರು. ಊರು ನೆಲದ ಮೇಲೆ ಕೂತಿತು. ಅದು ಯಾವಾಗಲೂ ಹಾಗೇ ಕೂರುವುದು.

ಗಂಗಹನುಮಯ್ಯ ಬರಲಿಲ್ಲ. ಮನೆಯಲ್ಲಿ ಹತ್ತಿ ತುರುಕಿಕೊಂಡು ಕೂತಿದ್ದಾನೆ ಅಂತ ನರಸಮ್ಮ ಬಂದು ಹೇಳಿದಳು.

ಚಿಕ್ಕಲಕ್ಷ್ಮಮ್ಮ ಜನದ ಮೇಲಿಂದ ಮನೆಯ ದಿಕ್ಕಿಗೆ ನೋಡಿ, ಸಿಟ್ಟು ಬಂದು, ವಿಯೆನ್ನಾದ ಸಾವನ್ನೇ ಎತ್ತಿಕೊಂಡಳು. ಹತ್ತಿಯನ್ನು ತೂರಿಕೊಂಡು ಹೋಗುವ ಹಾಡು ಅದೊಂದೇ ಇತ್ತು. ಕ್ಷಯದ ಹೆಂಗಸು ತುರುಬು ಬಿಚ್ಚಿಹಾಕಿ, ನಡುಗುತ್ತಾ, ತೂಗಾಡುತ್ತಾ, ಮಂಡಿಯೂರಿ ಹಾಡಬೇಕು. ಇವಳು ತುರುಬು ಬಿಚ್ಚಿದಳು. ಮೊಳಕಾಲುದ್ದದ ಕೂದಲು ಹರಡಿತು. ನಡುಗಿದಳು, ತೂಗಾಡಿದಳು, ಮಂಡಿಯೂರಿ ಮೊದಲನೇ ಎತ್ತರದ ಸ್ವರ ಹಿಡಿದಳು. ಗುಡಿಯ ಗೂಡಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು.

ಶುಕ್ರವಾರ, ಮಾರಮ್ಮನ ಗುಡಿ ಮುಂದೆ, ಹೆಂಗಸೊಬ್ಬಳು ಕೂದಲು ಬಿಚ್ಚಿಕೊಂಡು ತೂಗಾಡಿ ಹಾಗೆ ಕೂಗಿದರೆ ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲೇ ಆಗಲಿ ಅದಕ್ಕಿರುವುದು ಒಂದೇ ಅರ್ಥ. ಪೂಜಾರಿ ಬೈರಪ್ಪ ಕೂತಲ್ಲಿಂದ ಎದ್ದ. ಉರುಮೆಯವನ ಕೈ ತಾನಾಗಿ ಚರ್ಮದ ಮೇಲೆ ಬಿತ್ತು. ಯಾರೋ ಬೇವಿನ ಟೊಂಗೆ ಮುರಿದರು. ಷರೀಫನ ಗ್ರಾಮಫೋನಿನ ಪಿಟೀಲುಗಳು ಉರುಮೆಯ ಏಟಿಗೆ ಸಿಕ್ಕಿ ಎಲ್ಲೋ ಕೊಚ್ಚಿಕೊಂಡು ಹೋದವು.

"ಕಾಲ್ನ ಮೆಟ್ಟು ಬಿಡ್ರಪ್ಪ. ಕುರ್ಚಿ ಬಿಟ್ಟು ಕೆಳಗೆ ಕೂತ್ಕೊಳ್ಳಿ," ಅಂದ ಬೈರಪ್ಪ.

"ಏ, ಇದು ಆಪೆರಾ ಕಣಯ್ಯ," ಅಂದ ಅಮಲ್ದಾರ.

"ಯಾರಾದ್ರೂ ಆಗ್ಲಿ ಬುದ್ಧಿ. ತಾಯಿ ಬಂದ್ಮೇಲೆ ತಾಯೀನೇ. ಬೂಟು ಬಿಚ್ಚಿ."

ಸುತ್ತ ಇದ್ದ ಮುಖಗಳನ್ನು ನೋಡಿ ಅಮಲ್ದಾರ ಬೂಟು ಬಿಚ್ಚಿದ. ಕಾಲುಚೀಲದ ಹೆಬ್ಬೆಟ್ಟಿನಲ್ಲಿ ತೂತಿತ್ತು. ಊರು ಅದನ್ನು ನೋಡಿಕೊಂಡಿತು. ಅವನು ಧೂಳಿನಲ್ಲಿ ಚಕ್ಕಳಮಕ್ಕಳ ಕೂತ.

ಬೈರಪ್ಪ ಬೇವಿನ ಸೊಪ್ಪಿನಲ್ಲಿ ಅರಿಶಿನದ ನೀರು ಚಿಮುಕಿಸಿ ಕೇಳಿದ. "ಯಾರವ್ವಾ ನೀನು? ಯಾವ ದಿಕ್ಕಿಂದ ಬಂದೆ?"

ಹಾಡು ನಿಲ್ಲಿಸಬೇಕು ಅಂತ ಚಿಕ್ಕಲಕ್ಷ್ಮಮ್ಮನಿಗೆ ಅನ್ನಿಸಿತು. ಆದರೆ ಅವಳ ಕಸುಬಿನಲ್ಲಿ ಸಾಯುವ ಮುಂಚೆ ನಿಲ್ಲಿಸುವಂತಿಲ್ಲ. ಮಿಲಾನಿನಲ್ಲಿ ಒಂದು ಸಲ ಪರದೆಗೆ ಬೆಂಕಿ ಹತ್ತಿಕೊಂಡಿದ್ದಾಗಲೂ ಹಾಡಿ ಮುಗಿಸಿಯೇ ಓಡಿದ್ದಳು. ವಿಯೆನ್ನಾದ ರಾಗ ಬಿಡದೆ, ಕನ್ನಡದ ಮಾತು ಜೋಡಿಸಿ, ಉತ್ತರ ಹಾಡಿದಳು.

"ದೂ—ರದಿಂದ ಬಂದೆ."

ಜನ ಹೂಂಗುಟ್ಟಿತು. ದೂರದಿಂದ ಬಂದ ದೇವರು ಯಾವಾಗಲೂ ಹೆಚ್ಚು ತಿಳಿದದ್ದು. ಮುದುಕಿಯೊಬ್ಬಳು ನುಗ್ಗಿ ಬಂದಳು. "ನನ್ನೆಮ್ಮೆ ಕಾಣ್ತಿಲ್ಲ ಕಣವ್ವ, ಎತ್ಲಾಗೋಯ್ತು?"

ಇಟಲಿಯ ಮೇಷ್ಟರು ಹೇಳಿಕೊಟ್ಟಿದ್ದ ಇಳಿಜಾರಿನ ಸ್ವರಗಳಲ್ಲಿ ಎಮ್ಮೆ ಪಡುವಲಿಗೆ ಹೋಯಿತು. "ಕೆರೆಯಂಗಳ ನೋ—ಡು."

"ಅಳಿಯ ಬತ್ತಾನಾ ತಾಯಿ?" ಅಂದ ಇನ್ನೊಬ್ಬ.

"ಬತ್ತಾ—ನೆ."

"ಬರೋದು ಬ್ಯಾಡ ಅಂತ ಕೇಳ್ತಿವ್ನಿ."

ನಗು ಗಂಟಲಿಗೆ ಬಂದು, ಅದನ್ನು ನುಂಗಲು ಅವಳು ಮೂರು ಮೆಟ್ಟಿಲು ಮೇಲಿನ ಸ್ವರಕ್ಕೆ ಹಾರಬೇಕಾಯಿತು. ಪಾರಿವಾಳಗಳು ಮತ್ತೆ ಎದ್ದವು. ಆಗ ನರಸಮ್ಮನ ಮುಖ ಕಣ್ಣಿಗೆ ಬಿತ್ತು. ಎಲ್ಲರೂ ಕೈಮುಗಿದಿದ್ದರು, ಅತ್ತೆಯೂ ಮುಗಿದಿದ್ದಳು. ಆದರೆ ಅತ್ತೆಯ ಕಣ್ಣಲ್ಲಿದ್ದದ್ದು ಭಕ್ತಿಯಲ್ಲ, ಸಂತೆಯಲ್ಲಿ ಚೌಕಾಸಿಗೆ ಇಳಿದವಳ ಹೊಳಪು.

"ಬೈರಪ್ಪಾ," ಅಂದಳು ನರಸಮ್ಮ, ಎಲ್ಲರಿಗೂ ಕೇಳುವಂತೆ, "ತಾಯಿ ಬಂದಾಗ ಮನೆಗೊಬ್ಬ ಗಂಡಸು ಬಂದು ಕಾಯಿ ಇಡ್ಬೇಕಲ್ಲ? ನಮ್ ಮನೇದು ಬಂದಿಲ್ಲ ನೋಡು."

ಇಬ್ಬರು ಓಡಿದರು.

ಗಂಗಹನುಮಯ್ಯ ಬಂದ. ಕೈಯಲ್ಲಿ ತೆಂಗಿನಕಾಯಿ, ಕಿವಿಯಲ್ಲಿ ಹತ್ತಿ. ಹತ್ತಿರ ಬಂದು, ಕೂದಲು ಬಿಚ್ಚಿಕೊಂಡು ಕೂತವಳು ಯಾರೆಂದು ಕಂಡು, ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಬೈರಪ್ಪ ಎರಡೂ ಕಿವಿಯ ಹತ್ತಿ ಕಿತ್ತು ಎಸೆದ.

"ಮಗಳ ಹಾಡು ಕೇಳಲ್ಲ ಅಂತ ನಂಗೆ ಆಣೆ ಐತೆ ಕಣಪ್ಪ."

"ಮಗಳು ಎಲ್ಲವ್ಳೆ ಇಲ್ಲಿ? ಇದು ತಾಯಿ. ಆಣೆ ಯಾರ ಹೆಸ್ರಲ್ಲಿ ಹಾಕ್ದೋ ಅವ್ಳೇ ಬಂದು ಕೂತವ್ಳೆ. ಕೇಳ್ಕೊ."

ಮುದುಕ ಕಾಯಿ ಕೆಳಗಿಟ್ಟು ಮಂಡಿಯೂರಿದ. ನಾಲ್ಕು ವರ್ಷದಲ್ಲಿ ಮೊದಲ ಸಲ, ಕಂಬ ಇಲ್ಲದೆ, ಅವನು ಮಗಳ ಮುಖಕ್ಕೆ ನೇರ ಮಾತಾಡಿದ.

"ತಾಯಿ. ನನ್ ಮಗಳು ಪರದೇಶದಲ್ಲಿ ಸಾಯ್ತಾಳೆ. ಒಂದ್ಸಲ ಅಲ್ಲ. ಒಬ್ರೂ ಅವ್ಳ ಹೆಸ್ರು ಹಿಡ್ದು ಕೂಗಿಲ್ಲ. ಅವೆಲ್ಲ ಅವ್ಳ ಮೈಮೇಲೇ ಅವೆ. ಅವ್ಳವ್ವ ಪ್ಲೇಗಲ್ಲಿ ಹೋದಾಗ ನಾನು ಮೂರ್ ಕಿತ ಕೂಗ್ದೆ. ಅದು ಆಟ ಅಲ್ಲ, ಏಳಲ್ಲ ಅಂತ ಗೊತ್ತಿದ್ದೂ ಕೂಗ್ದೆ. ಇನ್ನೊಂದ್ಸಲ ನೋಡೋ ಸಕ್ತಿ ಇಲ್ಲ ನಂಗೆ. ಅದ್ಕೇ ಆಣೆ ಹಾಕ್ಕೊಂಡೆ. ಸಿಟ್ಟಲ್ಲ ತಾಯಿ."

ಚಿಕ್ಕಲಕ್ಷ್ಮಮ್ಮನಿಗೆ ಆ ಗುಡಿಸಲು ನೆನಪಿಗೆ ಬಂತು. ಆ ಮೂರು ಕೂಗೂ ನೆನಪಿಗೆ ಬಂದವು. ಇದು ಮಾರಮ್ಮನಿಗೆ ಮೋಸವೋ ಏನೋ ಅಂತ ಒಂದು ಗಳಿಗೆ ಅಳುಕಿದಳು. ಮಾರಮ್ಮನೂ ಹೆಣ್ಣು, ಅವಳಿಗೂ ಅಪ್ಪ ಇದ್ದಾನು ಅಂದುಕೊಂಡು, ಇದ್ದ ಉಸಿರೆಲ್ಲ ಎಳೆದುಕೊಂಡು ಹಾಡಿದಳು.

"ಆಣೆ ಬಿಟ್ಟೆ, ಆಣೆ ಬಿ—ಟ್ಟೆ. ಕಣ್ಮುಚ್ಚದೆ ನೋ—ಡು."

ಅಲ್ಲಿಂದ ವಿಯೆನ್ನಾದ ಹೆಂಗಸಿನ ಕೊನೆ ಶುರುವಾಯಿತು. ಉರುಮೆ ನಿಂತಿತು. ಷರೀಫ್ ಗ್ರಾಮಫೋನಿನ ಮುಳ್ಳು ಎತ್ತಿದ. ಒಂದೇ ದನಿ, ಹಿಮ್ಮೇಳವಿಲ್ಲದೆ, ಮೇಲೆ ಮೇಲೆ ಹತ್ತಿ, ಜನರ ಕತ್ತುಗಳೂ ಅದರ ಜೊತೆ ಮೇಲಕ್ಕೆ ಎದ್ದು, ಅದು ಬೆಟ್ಟದ ನೆತ್ತಿಗೆ ಸಮ ಬಂದು ನಿಂತಾಗ ಅವಳು ದೊಪ್ಪನೆ ಬಿದ್ದಳು.

ಬಿದ್ದ ಮೇಲೆ ಅವಳಿಗೆ ಗೊತ್ತಾಯಿತು, ಇಲ್ಲಿ ಪರದೆ ಇಲ್ಲ. ಸತ್ತವಳು ಪರದೆ ಇಳಿಯುವತನಕ ಏಳಕೂಡದು. ಇಳಿಯುವ ಪರದೆ ಚಿನ್ನೇನಪಾಳ್ಯದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮೂಗಿನೊಳಗೆ ಧೂಳು ಹೋಯಿತು. ಅಮಲ್ದಾರ ಚಪ್ಪಾಳೆಗೆ ಕೈ ಎತ್ತಿದ್ದು ಅರೆಗಣ್ಣಿಗೆ ಕಂಡಿತು. ಷರೀಫ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದೂ ಕಂಡಿತು.

ಆಗ ಕೂಗು ಬಂತು.

"ಏಳವ್ವಾ, ಚಿಕ್ಕಲಕ್ಷ್ಮಮ್ಮಾ."

ರಕ್ಕಸನ ಗಂಟಲು. ಅದು ತಲೆಗಳ ಮೇಲಿಂದ ಹಾದು, ಜೋಳದ ಹೊಲ ದಾಟಿ ಹೋಯಿತು. ಬೆಟ್ಟಕ್ಕೆ ಬಡಿದು ವಾಪಸು ಬರುವುದನ್ನು ಅವಳು ಕಾಯಲಿಲ್ಲ. ಮೊದಲನೇ ಕೂಗಿಗೇ ಎದ್ದು ಕೂತಳು.

ನರಸಮ್ಮ ಕೆಂಪು ನೀರಿನ ತಟ್ಟೆ ಹಿಡಿದು ಮೊದಲೇ ನಿಂತಿದ್ದಳು. ಗಂಗಹನುಮಯ್ಯ ಅದನ್ನು ಮಗಳ ಮುಖಕ್ಕೆ ನಿವಾಳಿಸಿ, ಅರ್ಧ ಅವಳ ಸೀರೆ ಮೇಲೇ ಚೆಲ್ಲಿ, ಮಿಕ್ಕದ್ದನ್ನು ದಾರಿಗೆ ಎರಚಿದ. ಬೈರಪ್ಪ ದೇವರು ಇಳಿಯಿತು ಅಂದ. ಜನ ಎದ್ದು ಸೊಂಟ ನೀವಿಕೊಂಡಿತು.

"ಇದು ಯಾವೂರ್ದು?" ಅಂದ ಗಂಗಹನುಮಯ್ಯ. ಮಗಳನ್ನೇ ಕೇಳಿದ.

"ವಿಯೆನ್ನಾದ್ದು ಅಪ್ಪಯ್ಯ."

"ಮಿಕ್ಕಿದ್ದು ಎಷ್ಟವೆ?"

"ಇನ್ನೂ ಐದು."

ಮುದುಕ ಆಕಾಶ ನೋಡಿದ. ಹೊತ್ತು ಇನ್ನೂ ಎರಡಾಳುದ್ದ ಇತ್ತು. "ಬಸ್ಸು ನಾಳೆ ಬೆಳಿಗ್ಗೆ ತಾನೆ? ಸಾಯಿ ಮತ್ತೆ. ಒಂದೂ ಉಳಿಸ್ಕೊಂಡು ಹಡಗು ಹತ್ತಬ್ಯಾಡ. ನರಸಿ, ಸುಣ್ಣ ತತ್ತಾ."

ಆ ಸಂಜೆ ಚಿನ್ನೇನಪಾಳ್ಯ ಕಂಡ ಸಾವುಗಳನ್ನು ಪ್ಲೇಗಿನ ವರ್ಷವೂ ಕಂಡಿರಲಿಲ್ಲ. ಮಿಲಾನಿನ ಚೂರಿಗೆ ನರಸಮ್ಮನ ಸೌಟು ಬಂತು. ಲಂಡನ್ನಿನ ವಿಷಕ್ಕೆ ಮಜ್ಜಿಗೆ ಕೊಟ್ಟರು, ಅವಳು ಬಾಯಾರಿ ಎರಡು ಲೋಟ ವಿಷ ಕುಡಿದಳು. ಪ್ಯಾರಿಸ್ಸಿನ ಕೋಟೆಯಾಗಿ ಗುಡಿಯ ಜಗಲಿ ನಿಂತಿತು, ಹಾರಿದವಳನ್ನು ಗಿಣಿ ಓಡಿಸುವ ಹೆಂಗಸರು ಕೆಳಗೆ ಹಿಡಿದುಕೊಂಡರು. ಕೈರೋದ ಗೋಡೆಗೆ ಅಮಲ್ದಾರನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಅವಳನ್ನು ಒಳಗಿಟ್ಟು ಮುಚ್ಚಿದರು. ಆ ಕುರ್ಚಿಗಳಿಗೆ ಅದಕ್ಕಿಂತ ಒಳ್ಳೆಯ ಕೆಲಸ ಹಿಂದೆ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ. ತೂತು ಕಾಲುಚೀಲದಲ್ಲೇ ನಿಂತ ಅಮಲ್ದಾರ ತನ್ನ ಬೂಟು ಹುಡುಕುವುದನ್ನೂ ಮರೆತು ಬಾಯಿ ತೆರೆದು ಕೇಳಿದ. ಒಂದೊಂದು ಸಾವಿಗೂ ಗಂಗಹನುಮಯ್ಯ ಎದ್ದು ನಿಂತು ಕೂಗಿದ, ಒಂದೊಂದು ಕೂಗಿಗೂ ಅವಳು ಎದ್ದಳು.

ಬ್ಯೂನಸ್ ಐರಿಸ್ಸಿನ ಕತ್ತಿ ಹಿಡಿಯಲು ಬೈರಪ್ಪನೇ ಮುಂದೆ ಬಂದ. ಬೇವಿನ ಕೋಲಿನಲ್ಲಿ ತಿವಿದು, ತಿವಿದದ್ದಕ್ಕೆ ತಾನೇ ಗೊಳೋ ಅಂತ ಅತ್ತುಬಿಟ್ಟ. ಎಮ್ಮೆಯ ಮುದುಕಿಯೂ ಎದೆ ಬಡಿದುಕೊಳ್ಳತೊಡಗಿದಳು. ಎಮ್ಮೆ ಕೆರೆಯಂಗಳದಲ್ಲಿ ಸಿಕ್ಕಿ, ಆಗಲೇ ಅವಳ ಬೆನ್ನ ಹಿಂದೆ ನಿಂತು ಮೆಲುಕು ಹಾಕುತ್ತಿತ್ತು.

"ಸುಮ್ಕಿರೇ," ಅಂದ ಗಂಗಹನುಮಯ್ಯ, ಊರಿಗೆಲ್ಲ ತಾನೊಬ್ಬನೇ ತಿಳಿದವನ ಹಾಗೆ. "ನೋಡ್ತಿರು. ಏಳ್ತಾಳೆ."

ಬೆಳಿಗ್ಗೆ ಷರೀಫ್ ಬಸ್ಸನ್ನು ಊರ ಬಾಗಿಲಿಗೇ ತಂದ. ಟ್ರಂಕು ಮೇಲೆ ಏರಿತು. ಗಂಗಹನುಮಯ್ಯ ಕಿಟಕಿಯ ಹತ್ತಿರ ಬಂದು ನಿಂತ. ದನಿ ಒಡೆದು ಬರೀ ಗಾಳಿ ಉಳಿದಿತ್ತು.

"ಇನ್ಮೇಲೆ ಎಲ್ಲಿ ಸಾಯೋದು?"

"ನ್ಯೂಯಾರ್ಕಲ್ಲಿ ಅಪ್ಪಯ್ಯ. ಮಾಘ ಮಾಸ ಪೂರ್ತಿ. ದಿನ ಬಿಟ್ಟು ದಿನ, ರಾತ್ರಿ ಹೊತ್ತು."

"ಅಲ್ಲಿ ರಾತ್ರಿ ಆದ್ರೆ ಇಲ್ಲಿ ಬೆಳಗಾಗಿರ್ತದಂತೆ, ಸಾಬ್ರು ಹೇಳಿದ್ರು." ಮುದುಕ ಕಿಟಕಿಯ ಸರಳು ಹಿಡಿದುಕೊಂಡು ಲೆಕ್ಕ ಹಾಕಿದ. "ಒಳ್ಳೇದೇ ಆಯ್ತು. ಬೆಳಿಗ್ಗೆ ಹೊತ್ತು ಹೊಲದಲ್ಲೇ ಇರ್ತೀನಿ. ಅಷ್ಟೊತ್ಗೆ ಗಂಟ್ಲೂ ಸರಿ ಹೋಗಿರ್ತದೆ. ಕೂಗ್ತೀನಿ ಬುಡು."